ಜಗಲಿ ಮೇಲೆ ಮಲಗುತ್ತಿರುವ ಕುಟುಂಬ, ಕೈಯಲ್ಲಿ 18,000 ರೂಪಾಯಿ: ಮೊದಲು ಏನು ಮಾಡಬೇಕು?

ಪ್ರಶ್ನೆ: ತುಮಕೂರಿನ ಮಂಡಿಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಪಕ್ಕದ ಮುಚ್ಚಿದ ಮಳಿಗೆಯ ಜಗಲಿ ಮೇಲೆ ಎರಡು ವಾರದಿಂದ ಒಂದು ಕುಟುಂಬ ಮಲಗುತ್ತಿದೆ. ಗಂಡ ಗಾರೆ ಕೆಲಸದವರು. ಸಾರುವೆಯಿಂದ ಬಿದ್ದು ಕಾಲು ಮುರಿದು ರಾಡ್ ಹಾಕಿದ್ದಾರೆ, ಇನ್ನೂ ಮೂರು ತಿಂಗಳು ಭಾರ ಎತ್ತಬಾರದಂತೆ. ಹೆಂಡತಿ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ, ತಿಂಗಳಿಗೆ 9,000 ಸಂಬಳ. ಅತ್ತೆಗೆ 67 ವರ್ಷ. ಆರನೇ ತರಗತಿಯ ಹುಡುಗಿ, ಎರಡನೇ ತರಗತಿಯ ಹುಡುಗ, ಎಂಟು ತಿಂಗಳ ಕೂಸು. ಮೂಲತಃ ಪಾವಗಡ ಕಡೆಯವರು. ಇಲ್ಲಿ 20,000 ಅಡ್ವಾನ್ಸ್ ಕೊಟ್ಟು ತಿಂಗಳಿಗೆ 4,000 ಬಾಡಿಗೆ ಮನೆಯಲ್ಲಿದ್ದರು. ನಾಲ್ಕು ತಿಂಗಳು ಬಾಡಿಗೆ ನಿಂತಿದ್ದಕ್ಕೆ ಮಾಲೀಕರು ಬೇರೆ ಬೀಗ ಹಾಕಿದರು. ಕಾಗದ ಪತ್ರ ಇರುವ ಟ್ರಂಕು ಒಳಗೇ ಉಳಿದಿದೆ. ನಾವು ನಾಲ್ವರು ಸ್ನೇಹಿತರು 18,000 ಸೇರಿಸಿದ್ದೇವೆ. ಅಷ್ಟನ್ನೂ ಅಡ್ವಾನ್ಸ್ ಕೊಟ್ಟು ಮನೆ ಹಿಡಿದುಕೊಡೋಣ ಎಂದು ಒಬ್ಬರು, ಇನ್ನಷ್ಟು ಸೇರಿಸಿ ಭೋಗ್ಯಕ್ಕೆ ಹಾಕೋಣ ಎಂದು ಇನ್ನೊಬ್ಬರು. 15,000 ಕೊಟ್ಟರೆ ಆಶ್ರಯ ಮನೆ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟ್ ಒಬ್ಬ ಸಿಕ್ಕಿದ್ದಾನೆ. ಸರ್ಕಾರಿ ಜಾಗದಲ್ಲಿ ಶೆಡ್ ಹಾಕಿಕೊಳ್ಳಲಿ ಎಂದವರೂ ಇದ್ದಾರೆ. ಪಾಲಿಕೆಯ ಆಶ್ರಯ ಕೇಂದ್ರಕ್ಕೆ ಹೋಗಿ ಎಂದರೆ ಅಲ್ಲಿ ಕುಡುಕರೇ ಇರುವುದು, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎಂದು ಆ ತಾಯಿ ಹೆದರುತ್ತಾರೆ. ಇದರ ಜೊತೆಗೆ ಸಂಘದ ಸಾಲದವರು ನನ್ನ ಅಂಗಡಿವರೆಗೂ ಹುಡುಕಿಕೊಂಡು ಬರುತ್ತಿದ್ದಾರೆ, ವಾರಕ್ಕೆ 1,150 ಕಟ್ಟಬೇಕಂತೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನಿಮ್ಮ ಮುಂದಿರುವ ಸಲಹೆಗಳೆಲ್ಲ ಮನೆಯ ಬಗ್ಗೆ ಇವೆ. ಆದರೆ ಪತ್ರದಲ್ಲಿ ಹೆಚ್ಚು ತೂಕದ ವಿಷಯ ಕೊನೆಯಲ್ಲಿ ನೀವು ಬರೆದ ವಾರದ ಕಂತು. 1,150ನ್ನು 52 ವಾರಕ್ಕೆ ಲೆಕ್ಕ ಹಾಕಿ ತಿಂಗಳಿಗೆ ಹಂಚಿದರೆ ಸುಮಾರು 5,000 ಆಗುತ್ತದೆ. ಗಂಡನ ಕೂಲಿ ನಿಂತ ದಿನದಿಂದ ಮನೆಗೆ ಬರುತ್ತಿರುವುದು 9,000. ಅದರಲ್ಲಿ 5,000 ಕಂತಿಗೆ ಹೋದರೆ ಉಳಿಯುವುದು ಬಾಡಿಗೆಯಷ್ಟೇ, ಊಟಕ್ಕೆ ಏನೂ ಇಲ್ಲ. ಕಂತು ತಪ್ಪಿದರೆ ಸಂಘದ ಹೆಂಗಸರೆಲ್ಲ ಬಾಗಿಲಿಗೆ ಬರುತ್ತಾರೆ, ಬಾಡಿಗೆ ತಪ್ಪಿದರೆ ಮಾಲೀಕರೊಬ್ಬರೇ ಬರುತ್ತಾರೆ. ಹಾಗಾಗಿ ಇಂಥ ಮನೆಗಳಲ್ಲಿ ಮೊದಲು ನಿಲ್ಲುವುದು ಬಾಡಿಗೆ. ಈ ಲೆಕ್ಕ ಸರಿಯಾಗದೆ ನೀವು ಎಂಥ ಮನೆ ಹಿಡಿದುಕೊಟ್ಟರೂ ಐದಾರು ತಿಂಗಳಲ್ಲಿ ಅವರು ಮತ್ತೆ ಅದೇ ಜಗಲಿಗೆ ಬರುವ ಸಾಧ್ಯತೆ ಹೆಚ್ಚು. ಮೊದಲ ತಿಂಗಳ ಸೂರು ಅಷ್ಟು ಕಷ್ಟವಲ್ಲ. ಆರನೇ ತಿಂಗಳ ಬಾಡಿಗೆ ಎಲ್ಲಿಂದ ಬರುತ್ತದೆ ಎನ್ನುವುದನ್ನು ಇವತ್ತೇ ಯೋಚಿಸಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾಲ್ವರೂ ಸೇರಿ ತೀರ್ಮಾನ ಮಾಡಿ ಅವರಿಗೆ ತಿಳಿಸುವುದು ಬೇಡ. ಗಂಡ ಹೆಂಡತಿ ಇಬ್ಬರನ್ನೂ, ಸಾಧ್ಯವಾದರೆ ಅತ್ತೆಯನ್ನೂ ಕೂರಿಸಿಕೊಂಡು ಮಾತಾಡಿ. ಊರಿನಲ್ಲಿ ಏನಿದೆ, ಯಾರಿದ್ದಾರೆ, ಯಾರ ಜೊತೆ ಮಾತು ಬಿಟ್ಟಿದೆ ಎನ್ನುವುದು ಅವರಿಗೆ ಗೊತ್ತು, ನಮಗೆ ಗೊತ್ತಿರುವುದಿಲ್ಲ. ಹಣ ಸೇರಿಸಲೆಂದು ಅವರ ಫೋಟೊವನ್ನು ವಾಟ್ಸ್ಯಾಪ್ ಗುಂಪುಗಳಿಗೆ ಹಾಕಬೇಡಿ. ಆ ಹುಡುಗಿ ನಾಳೆ ಅದೇ ಊರಿನ ಶಾಲೆಗೆ ಹೋಗಬೇಕು.

ಇವತ್ತಿನ ರಾತ್ರಿ

ಎಂಟು ತಿಂಗಳ ಕೂಸು, ವಯಸ್ಸಾದವರು, ಕಾಲಿನಲ್ಲಿ ರಾಡ್ ಇರುವ ಮನುಷ್ಯ. ಇವರು ಜಗಲಿ ಮೇಲೆ ಇನ್ನೊಂದು ವಾರ ಕಳೆಯುವುದೂ ಅಪಾಯ. ಆಪರೇಷನ್ ಆದ ಗಾಯಕ್ಕೆ ಧೂಳು, ತೇವ ತಗುಲಿ ಕೀವಾದರೆ ಮೂರು ತಿಂಗಳು ಆರು ತಿಂಗಳಾಗುತ್ತದೆ. ಗಾಯದ ಸುತ್ತ ಕೆಂಪಾಗಿ ಬಿಸಿಯಾಗಿದ್ದರೆ, ನೀರು ಸೋರುತ್ತಿದ್ದರೆ ಮನೆಯ ಮಾತು ಆಮೇಲೆ, ಮೊದಲು ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.

ಆಶ್ರಯ ಕೇಂದ್ರದ ಬಗ್ಗೆ ಎರಡು ಸಂಗತಿಗಳನ್ನು ಜನ ಒಂದೇ ಎಂದುಕೊಂಡಿದ್ದಾರೆ. ನಗರ ವಸತಿ ರಹಿತರ ಆಶ್ರಯ ಕೇಂದ್ರ ಎನ್ನುವುದು ಪಾಲಿಕೆ, ನಗರಸಭೆಗಳ ಜವಾಬ್ದಾರಿಯಲ್ಲಿ ಬರುವುದು. ಸಾಮಾನ್ಯವಾಗಿ ಯಾವುದಾದರೂ ಸ್ವಯಂಸೇವಾ ಸಂಸ್ಥೆ ಅದನ್ನು ನಡೆಸುತ್ತದೆ. ಅಲ್ಲಿಗೆ ಹೋಗುವುದೂ ಬಿಟ್ಟು ಬರುವುದೂ ನಮ್ಮಿಷ್ಟ. ನಿರಾಶ್ರಿತರ ಪರಿಹಾರ ಕೇಂದ್ರ ಬೇರೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿಯಲ್ಲಿ ಬರುವ ಜಾಗ, ಭಿಕ್ಷೆ ಬೇಡುವವರನ್ನು ಹಿಡಿದು ಅಲ್ಲಿ ಇರಿಸಿಕೊಳ್ಳುತ್ತಾರೆ, ಬೇಕೆಂದಾಗ ಎದ್ದು ಬರಲಾಗುವುದಿಲ್ಲ. ನಿಮ್ಮ ಕುಟುಂಬ ಹೋಗಬೇಕಾದದ್ದು ಮೊದಲನೆಯದಕ್ಕೆ. ವಿಚಾರಿಸುವಾಗ ಬರೀ ‘ಆಶ್ರಯ’ ಎಂದರೆ ಆಶ್ರಯ ಮನೆಯ ಗುಮಾಸ್ತರ ಹತ್ತಿರ ಕಳಿಸುತ್ತಾರೆ. ಪಾಲಿಕೆ ಕಚೇರಿಯಲ್ಲಿ ನಲ್ಮ್ (ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್) ವಿಭಾಗ ಎಲ್ಲಿ ಎಂದು ಕೇಳಿ, ವಸತಿ ರಹಿತರ ಕೇಂದ್ರ ಎಂದು ಪೂರ್ತಿ ಹೇಳಿ.

ಅಲ್ಲಿ ಕುಡುಕರೇ ಇರುತ್ತಾರೆ ಎನ್ನುವುದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ನಗರ ಜೀವನೋಪಾಯ ಮಿಷನ್ನಿನ ಮಾರ್ಗಸೂಚಿಯಲ್ಲಿ ಒಂದು ಲಕ್ಷ ಜನಸಂಖ್ಯೆಗೆ 100 ಜನರ ವಸತಿ, ಒಬ್ಬರಿಗೆ 50 ಚದರಡಿ ಜಾಗ, ಗಂಡಸರಿಗೆ, ಹೆಂಗಸರಿಗೆ, ಕುಟುಂಬಗಳಿಗೆ ಬೇರೆ ಬೇರೆ ವ್ಯವಸ್ಥೆ ಎಂದಿತ್ತು. 2011ರ ಜನಗಣತಿಯಲ್ಲೇ 3 ಲಕ್ಷ ದಾಟಿದ್ದ ತುಮಕೂರಿಗೆ ಆ ಲೆಕ್ಕದಲ್ಲಿ 300 ಜನರ ಜಾಗವಾದರೂ ಇರಬೇಕು. ನಮ್ಮ ಬಹುತೇಕ ಊರುಗಳಲ್ಲಿ ಕಾಣುವುದು ಉದ್ದನೆಯ ಹಾಲ್, ಅದರಲ್ಲಿ ಸಾಲು ಮಂಚ. ಕುಟುಂಬಕ್ಕೆಂದು ಬಾಗಿಲು ಹಾಕಿಕೊಳ್ಳುವ ಕೋಣೆ ಎಲ್ಲ ಕಡೆ ಸಿಗುವುದಿಲ್ಲ. ಗಂಡನನ್ನು ಒಂದು ಕಡೆ, ಹೆಂಡತಿ ಮಕ್ಕಳನ್ನು ಇನ್ನೊಂದು ಕಡೆ ಮಲಗಿಸುವುದುಂಟು. ಬಚ್ಚಲಿಗೆ ಹೋಗಲೂ ಹೆಂಡತಿಯ ಹೆಗಲು ಬೇಕಾದ ಮನುಷ್ಯನಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಕುಟುಂಬವನ್ನು ಕರೆದೊಯ್ಯುವ ಮೊದಲು ನೀವೊಬ್ಬರೇ ಸಂಜೆ ಏಳರ ನಂತರ ಹೋಗಿ ನೋಡಿ ಬನ್ನಿ, ಹಗಲಿನಲ್ಲಿ ನೋಡಿದರೆ ಏನೂ ತಿಳಿಯದು. ಹೆಂಗಸರ ಶೌಚಾಲಯಕ್ಕೆ ಒಳಗಿನಿಂದ ಚಿಲಕ ಇದೆಯೇ, ರಾತ್ರಿ ಕಾವಲಿಗೆ ಯಾರಿರುತ್ತಾರೆ, ಹೋಟೆಲ್ ಕೆಲಸ ಮುಗಿಸಿ ಹತ್ತೂವರೆಗೆ ಬರುವ ಹೆಂಗಸಿಗೆ ಬಾಗಿಲು ತೆಗೆಯುತ್ತಾರೆಯೇ, ಕೂಸಿಗೆ ಹಾಲು ಬಿಸಿ ಮಾಡಲು ಒಲೆ ಇದೆಯೇ, ನೆಲಮಹಡಿಯಲ್ಲಿ ಮಂಚ ಖಾಲಿ ಇದೆಯೇ ಎಂದು ನೋಡಿ. ಗುರುತಿನ ಚೀಟಿ ಇಲ್ಲ ಎಂಬ ಕಾರಣಕ್ಕೆ ಒಳಗೆ ಬಿಡದಿರುವುದು ನಿಯಮಕ್ಕೆ ವಿರುದ್ಧ. ಹಾಗಾದರೆ ಪಾಲಿಕೆ ಆಯುಕ್ತರಿಗೆ ಒಂದು ಪುಟದ ಅರ್ಜಿ ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ವಸತಿ ರಹಿತರ ವಿಷಯದಲ್ಲಿ ಸುಪ್ರೀಂ ಕೋರ್ಟಿನ ಆದೇಶಗಳಿವೆ, ಅಧಿಕಾರಿಗಳಿಗೆ ಅದು ಗೊತ್ತು.

ಜಾಗ ಸರಿಯಿಲ್ಲ ಅನಿಸಿದರೆ ನಿಮ್ಮ ಹಣದಲ್ಲೇ ಹತ್ತು ಹದಿನೈದು ದಿನದ ಮಟ್ಟಿಗೆ ಯಾವುದಾದರೂ ಛತ್ರದ ಕೋಣೆ ಮಾತಾಡಬಹುದು. ಆದರೆ ದಿನ ಮಿತಿ ಹಾಕಿಕೊಳ್ಳಿ. ದಿನಕ್ಕೆ 300 ಎಂದರೂ ಎರಡು ವಾರಕ್ಕೆ 4,200 ಆಗುತ್ತದೆ, ಅದು ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು.

ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಎನ್ನುವ ಭಯ

ಈ ಭಯವೇ ಎಷ್ಟೋ ತಾಯಂದಿರನ್ನು ಯಾವ ಕಚೇರಿಯ ಮೆಟ್ಟಿಲೂ ಹತ್ತದಂತೆ ತಡೆಯುತ್ತದೆ. ಬಾಲನ್ಯಾಯ ಕಾಯ್ದೆ, 2015 ಹೇಳುವುದು ಇದಕ್ಕೆ ತದ್ವಿರುದ್ಧ: ಮಗು ಬೆಳೆಯಬೇಕಾದದ್ದು ಹೆತ್ತವರ ಬಳಿ, ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ಬಡತನ, ಮನೆ ಇಲ್ಲದಿರುವುದು ಮಕ್ಕಳನ್ನು ದೂರ ಮಾಡಲು ಕಾರಣವಾಗಬಾರದು. ಮಗು ಭಿಕ್ಷೆ ಬೇಡುತ್ತಿದ್ದರೆ, ದುಡಿಮೆಗೆ ಹಚ್ಚಿದ್ದರೆ, ಹೊಡೆತ ತಿನ್ನುತ್ತಿದ್ದರೆ ಮಕ್ಕಳ ಕಲ್ಯಾಣ ಸಮಿತಿ ಮಧ್ಯೆ ಬರುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಇಲ್ಲ. ಹಗಲಲ್ಲಿ ಮಕ್ಕಳು ಬಸ್ ನಿಲ್ದಾಣದಲ್ಲಿ ಅಲೆಯದೆ ಶಾಲೆಯಲ್ಲಿರುವಂತೆ ನೋಡಿಕೊಂಡರೆ ಸಾಕು.

ಆ ಸಮಿತಿಯನ್ನು ನೋಡಿಕೊಳ್ಳುವ ಇಲಾಖೆಯಿಂದಲೇ ಇವರಿಗೆ ಸಿಗಬಹುದಾದ ನೆರವೂ ಇದೆ. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಕಷ್ಟದಲ್ಲಿರುವ ಕುಟುಂಬದ ಮಗುವಿಗೆ ತಿಂಗಳಿಗೆ 4,000 ಕೊಡುತ್ತಾರೆ. ದುಡಿಯುವ ತಂದೆ ತಾಯಿ ಅಶಕ್ತರಾದ ಕುಟುಂಬವೂ ಇದರೊಳಗೆ ಬರುತ್ತದೆ. ನಗರಗಳಲ್ಲಿ ವರ್ಷದ ಆದಾಯ ಮಿತಿ 96,000. ಹೆಂಡತಿಯ ಸಂಬಳವೊಂದೇ ವರ್ಷಕ್ಕೆ 1,08,000 ಆಗುವುದರಿಂದ ಕಷ್ಟ ಅನ್ನಿಸಬಹುದು. ಆದರೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಒಂದು ಸಲ ವಿಚಾರಿಸಿ, ಅವರು ನೋಡುವುದು ನಾಡಕಚೇರಿಯ ಆದಾಯ ಪ್ರಮಾಣಪತ್ರವನ್ನು.

ಹುಡುಗಿಯನ್ನು ಹಾಸ್ಟೆಲ್ಲಿಗೆ ಸೇರಿಸುವ ಯೋಚನೆ ನಿಮ್ಮಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಸಿದ್ಧಗಂಗಾ ಮಠ ಇರುವ ಊರಿನಲ್ಲಿ ಅದು ಸಹಜ. ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಇಲಾಖೆಯ ಹಾಸ್ಟೆಲುಗಳೂ ಇವೆ. ಒಳ್ಳೆಯ ದಾರಿಯೇ, ಆದರೆ ಹುಡುಗಿಗೆ ಮನಸ್ಸಿದ್ದರೆ, ಮತ್ತು ದಾಖಲಾತಿ ನಡೆಯುವ ಮೇ, ಜೂನ್ ತಿಂಗಳಿಗೆ. ಜಗಲಿಯಿಂದ ತಪ್ಪಿಸಲೆಂದು ಈಗಲೇ ಬೇರೆ ಮಾಡಿದರೆ, ತಮ್ಮನನ್ನೂ ಕೂಸನ್ನೂ ನೋಡಿಕೊಳ್ಳುತ್ತಿದ್ದ ಕೈ ಹೋಗಿ ತಾಯಿಯ ಹೋಟೆಲ್ ಕೆಲಸಕ್ಕೇ ಕುತ್ತು ಬರಬಹುದು. ಸದ್ಯಕ್ಕೆ ಇಬ್ಬರೂ ಈಗಿರುವ ಶಾಲೆಯಲ್ಲೇ ಮುಂದುವರಿಯಲಿ. ಮನೆ ದೂರವಾಗಿ ಶಾಲೆ ಬದಲಿಸಲೇಬೇಕಾದರೆ ವರ್ಷದ ನಡುವೆಯೂ ಸೇರಿಸಿಕೊಳ್ಳಬೇಕು, ವರ್ಗಾವಣೆ ಪತ್ರ ತಡವಾಯಿತೆಂದು ನಿರಾಕರಿಸುವಂತಿಲ್ಲ. ಕೂಸಿನ ಚುಚ್ಚುಮದ್ದಿನ ದಾಖಲೆಯಾದ ‘ತಾಯಿ ಕಾರ್ಡ್’ ಟ್ರಂಕಿನಲ್ಲಿದ್ದರೂ ಚುಚ್ಚುಮದ್ದು ನಿಲ್ಲಿಸಬೇಡಿ, ಹತ್ತಿರದ ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ಹೇಳಿ.

ಟ್ರಂಕು ಮತ್ತು 20,000 ಅಡ್ವಾನ್ಸ್

ನಾಲ್ಕು ತಿಂಗಳ ಬಾಡಿಗೆ 16,000. ಮಾಲೀಕರ ಕೈಯಲ್ಲಿರುವ ಅಡ್ವಾನ್ಸ್ 20,000. ಅಂದರೆ ಇವರು ಬಾಕಿದಾರರಲ್ಲ, ಮಾಲೀಕರೇ ಇವರಿಗೆ 4,000 ಕೊಡಬೇಕು. ಕರೆಂಟ್ ಬಿಲ್ ಬಾಕಿ, ಸುಣ್ಣಬಣ್ಣದ ಖರ್ಚು ಎಂದು ಅದರಲ್ಲಿ ಮುರಿದುಕೊಳ್ಳುತ್ತಾರೆ, ಹಾಗಾಗಿ ಕೈಗೆ ಎಷ್ಟು ಬರುತ್ತದೋ ಹೇಳಲಾಗದು. ಆದರೆ ಟ್ರಂಕು, ಗ್ಯಾಸ್ ಸಿಲಿಂಡರು, ಪಾತ್ರೆ ಪಗಡ ಹಿಡಿದಿಟ್ಟುಕೊಳ್ಳಲು ಅವರಿಗೆ ಯಾವ ಹಕ್ಕೂ ಇಲ್ಲ. ಬಾಡಿಗೆ ನಿಂತಿದ್ದರೂ ಖಾಲಿ ಮಾಡಿಸಲು ನ್ಯಾಯಾಲಯಕ್ಕೇ ಹೋಗಬೇಕು, ತಾವೇ ಬೀಗ ಜಡಿಯುವಂತಿಲ್ಲ. ಹೀಗೆ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆ, 1963ರ 6ನೇ ಕಲಂ ಪ್ರಕಾರ ಸ್ವಾಧೀನ ವಾಪಸು ಕೇಳಿ ದಾವೆ ಹೂಡಬಹುದು.

ದಾವೆ ಹೂಡಿ ಅದೇ ಮನೆಗೆ ಮರಳಿ ಎಂದು ನಾನು ಹೇಳುವುದಿಲ್ಲ. ದಿನಾ ಮುಖ ನೋಡಬೇಕಾದ ಮಾಲೀಕರ ಜೊತೆ ಕೇಸು ನಡೆಸುತ್ತಾ ಬದುಕುವುದು ದುರ್ಬಲರಿಗೆ ಆಗದ ಮಾತು. ಆ ಹಕ್ಕನ್ನು ಮಾತುಕತೆಗೆ ಬಳಸಿಕೊಳ್ಳಿ. ನೀವು ಅದೇ ಪೇಟೆಯ ಅಂಗಡಿಯವರು, ನಿಮ್ಮ ಮಾತಿಗೆ ಬೆಲೆ ಇದೆ. ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ, ಸಾಮಾನು ಮತ್ತು ಉಳಿದ ಹಣ ಕೇಳಿ, ಪಡೆದದ್ದಕ್ಕೆ ಇಬ್ಬರೂ ಸಹಿ ಹಾಕಿ. ಒಪ್ಪದಿದ್ದರೆ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಆ ಹೆಂಗಸಿನ ಹೆಸರಿನಲ್ಲಿ ಅರ್ಜಿ ಕೊಡಿಸಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿದರೂ ದಾರಿ ತೋರಿಸುತ್ತಾರೆ. ಪ್ರಾಧಿಕಾರದಿಂದ ಒಂದು ನೋಟಿಸ್ ಹೋದರೆ ಇಂಥ ಬೀಗಗಳು ಸಾಮಾನ್ಯವಾಗಿ ತೆರೆದುಕೊಳ್ಳುತ್ತವೆ.

ಅದೇ ಕಚೇರಿಯಲ್ಲಿ ಇನ್ನೊಂದು ವಿಷಯವನ್ನೂ ಎತ್ತಿ, ಗಂಡನ ಗಾಯದ ಪರಿಹಾರ. ಕೆಲಸದ ಮೇಲಿದ್ದಾಗ ಬಿದ್ದವರಿಗೆ, ಗುಣವಾಗುವವರೆಗೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಕಾಲು ಭಾಗದಂತೆ ಕೊಡುವುದು ಕೆಲಸ ಕೊಟ್ಟವರ ಹೊಣೆ, ಅಂದರೆ ತಿಂಗಳಿಗೆ ಅರ್ಧ ಕೂಲಿ. ಅಂಗ ಶಾಶ್ವತವಾಗಿ ಊನವಾದರೆ ಬೇರೆ ಲೆಕ್ಕ. ಕೇಳಲು ಎರಡು ವರ್ಷದ ಅವಧಿ ಇದೆ. ‘ಅವನು ನನ್ನ ಹತ್ತಿರ ಕೆಲಸಕ್ಕೇ ಇರಲಿಲ್ಲ’ ಎಂದು ಮೇಸ್ತ್ರಿ ಕೈತೊಳೆದುಕೊಳ್ಳುವುದೇ ಇಲ್ಲಿ ಎದುರಾಗುವ ತೊಡಕು. ಅದಕ್ಕೆ ಸಾಕ್ಷಿ ಈಗಲೇ ಕೂಡಿಡಿ: ಬಿದ್ದ ದಿನದ ಆಸ್ಪತ್ರೆ ಚೀಟಿಯಲ್ಲಿ ಎಲ್ಲಿ, ಹೇಗೆ ಬಿದ್ದದ್ದು ಎಂದು ಬರೆದಿದ್ದಾರೆಯೇ ನೋಡಿ, ಮೇಸ್ತ್ರಿ ಫೋನ್‌ಪೇ ಮೂಲಕ ಕಳಿಸಿದ ಕೂಲಿಯ ಪಟ್ಟಿ ತೆಗೆಸಿ, ಜೊತೆಗಿದ್ದ ಇಬ್ಬರ ಹೆಸರು, ನಂಬರು ಬರೆದಿಟ್ಟುಕೊಳ್ಳಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡ್ ಚಾಲ್ತಿಯಲ್ಲಿದ್ದರೆ ಅಲ್ಲಿಂದಲೂ ಅಪಘಾತದ ನೆರವು ಕೇಳಬಹುದು. ಇದು ನಿಧಾನವಾಗಿ ಬರುವ ಹಣ, ಮುಂದಿನ ತಿಂಗಳ ಬಾಡಿಗೆಗೆ ಇದನ್ನು ನೆಚ್ಚಬೇಡಿ.

ಸಂಘದ ಸಾಲ

ಸಾಲದವರ ಜೊತೆಗಿನ ಒಂದು ಮಾತುಕತೆ ನಿಮ್ಮ 18,000ಕ್ಕಿಂತ ಹೆಚ್ಚು ಬೆಲೆ ಬಾಳುತ್ತದೆ. ಕಂತು ಕಟ್ಟಿಸಿಕೊಳ್ಳುವ ಹುಡುಗನ ಹತ್ತಿರ ವಾದ ಮಾಡಿ ಪ್ರಯೋಜನವಿಲ್ಲ, ಅವನ ಕೈಯಲ್ಲಿ ಏನೂ ಇರುವುದಿಲ್ಲ. ಶಾಖೆಗೆ ಹೋಗಿ ವ್ಯವಸ್ಥಾಪಕರಿಗೆ ಆಸ್ಪತ್ರೆ ಚೀಟಿಯ ನಕಲು ಲಗತ್ತಿಸಿ ಅರ್ಜಿ ಕೊಡಿಸಿ: ದುಡಿಯುವವರು ಹಾಸಿಗೆ ಹಿಡಿದಿದ್ದಾರೆ, ಆರು ತಿಂಗಳು ಕಂತನ್ನು ಅರ್ಧಕ್ಕೆ ಇಳಿಸಿ, ಅವಧಿ ವಿಸ್ತರಿಸಿ ಎಂದು. ಒಪ್ಪಿದರೆ ಹೊಸ ಕಂತಿನ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ. ಹಳೆ ಸಾಲ ತೀರಿಸಲು ಹೊಸ ದೊಡ್ಡ ಸಾಲ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಅವಧಿ ವಿಸ್ತರಿಸಿದರೆ ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ, ಅದು ಗೊತ್ತಿದ್ದೇ ಒಪ್ಪಬೇಕು.

ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೆಳಿಗ್ಗೆ ಒಂಬತ್ತಕ್ಕೆ ಮೊದಲು, ಸಂಜೆ ಆರರ ನಂತರ ವಸೂಲಿಗೆ ಬರುವಂತಿಲ್ಲ. ಸಾಲಗಾರರ ಬಂಧುಗಳನ್ನೂ ಸ್ನೇಹಿತರನ್ನೂ ಪೀಡಿಸುವಂತಿಲ್ಲ, ನಿಮ್ಮ ಅಂಗಡಿಗೆ ಬಂದು ಗಲಾಟೆ ಮಾಡುವುದಂತೂ ಸಲ್ಲದು. ಶಾಖೆ ಕಿವಿಗೊಡದಿದ್ದರೆ ಮೊದಲು ಅದೇ ಸಂಸ್ಥೆಗೆ ಲಿಖಿತ ದೂರು, ನಂತರ ರಿಸರ್ವ್ ಬ್ಯಾಂಕಿನ 14448. ಕರ್ನಾಟಕದಲ್ಲಿ 2025ರಲ್ಲಿ ಕಿರುಸಾಲ ಕಿರುಕುಳದ ವಿರುದ್ಧ ಕಾಯ್ದೆ ಬಂದಿದೆ, ಬೆದರಿಕೆ ಹಾಕಿದರೆ ಪೊಲೀಸರಿಗೆ ದೂರು ಕೊಡಬಹುದು. ಕಾಯ್ದೆ ಬಂತು, ಸಾಲವೇ ಮನ್ನಾ ಎಂದು ಕೆಲವರು ಹೇಳಿಕೊಂಡು ತಿರುಗುತ್ತಾರೆ. ರಿಸರ್ವ್ ಬ್ಯಾಂಕಿನ ನೋಂದಣಿ ಇರುವ ಸಂಸ್ಥೆಯ ಸಾಲ ಮನ್ನಾ ಆಗಿಲ್ಲ, ಕಟ್ಟಲೇಬೇಕು.

ಬಾಡಿಗೆ ಮನೆ: ಎಷ್ಟರದ್ದು, ಎಲ್ಲಿ, ಹೇಗೆ

ಈಗ ವರಮಾನ ಲೆಕ್ಕ ಹಾಕಿ. ಅತ್ತೆಗೆ 65 ದಾಟಿದೆ, ಸಂಧ್ಯಾ ಸುರಕ್ಷಾ ತಿಂಗಳಿಗೆ 1,200. ರೇಷನ್ ಕಾರ್ಡಿನಲ್ಲಿ ಯಜಮಾನಿಯಾಗಿರುವವರಿಗೆ ಗೃಹಲಕ್ಷ್ಮಿ 2,000. ಎರಡೂ ಬರುತ್ತಿವೆಯೇ, ಬರುತ್ತಿದ್ದರೆ ಯಾವ ಖಾತೆಗೆ, ಆ ಪಾಸ್‌ಬುಕ್ ಯಾರ ಹತ್ತಿರ ಇದೆ ಎಂದು ಕೇಳಿ. ಊರಿನಲ್ಲಿ ಮೈದುನನ ಮನೆಯಲ್ಲಿ ಉಳಿದ ಪಾಸ್‌ಬುಕ್ಕು, ಇ-ಕೆವೈಸಿ ಆಗದೆ ನಿಂತ ಪಿಂಚಣಿ ಇವೆಲ್ಲ ತೀರಾ ಸಾಮಾನ್ಯ. ಎರಡೂ ಸೇರಿದರೆ 3,200. 3,500 ರೂಪಾಯಿಯ ಒಂದು ಕೋಣೆಯ ಬಾಡಿಗೆಗೆ ಇನ್ನು 300 ಸೇರಿಸಿದರೆ ಸಾಕು! ಗಂಡ ಕೆಲಸಕ್ಕೆ ಮರಳುವವರೆಗೆ ಬಾಡಿಗೆಯನ್ನು ಈ ಎರಡು ಹಣಕ್ಕೆ ಕಟ್ಟಿಹಾಕುವುದೇ ನನ್ನ ಸಲಹೆ. ಇವು ಕೆಲವೊಮ್ಮೆ ಒಂದೆರಡು ತಿಂಗಳು ತಡವಾಗಿ ಬರುತ್ತವೆ. ಅದಕ್ಕೇ ನಿಮ್ಮ ಹಣದಲ್ಲಿ ಒಂದು ತಿಂಗಳ ಬಾಡಿಗೆಯನ್ನು ಮುಟ್ಟದೆ ಇಡಬೇಕು.

ಅಕ್ಕಿ ಎಲ್ಲಿ ಸಿಗುತ್ತದೆ ಎಂದು ಚಿಂತಿಸಬೇಕಾಗಿಲ್ಲ. ಕಾರ್ಡ್ ಪಾವಗಡದ್ದಾದರೂ ತುಮಕೂರಿನ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಬೆರಳೊತ್ತಿ ಪಡೆಯಬಹುದು. ಕಾರ್ಡ್ ಹಾಳೆ ಟ್ರಂಕಿನಲ್ಲಿದ್ದರೂ ನಂಬರು ಗೊತ್ತಿದ್ದರೆ ಸಾಕು.

18,000ವನ್ನು ಹೀಗೆ ಹಂಚಿ: ಅಡ್ವಾನ್ಸ್ 10,000, ಮೊದಲ ತಿಂಗಳಿಗೆ 3,500, ಉಳಿದ 4,500 ನಿಮ್ಮಲ್ಲೇ ಒಬ್ಬರ ಕೈಯಲ್ಲಿ. ಮಾಲೀಕರು 20,000, 30,000 ಕೇಳುತ್ತಾರೆ. ಅವರ ನಿಜವಾದ ಭಯ ಬಾಡಿಗೆ ನಿಲ್ಲುತ್ತದೆ ಎನ್ನುವುದು, ಆ ಭಯಕ್ಕೆ ಉತ್ತರ ಕೊಟ್ಟರೆ ಅಡ್ವಾನ್ಸ್ ಇಳಿಯುತ್ತದೆ. ‘ಮೊದಲ ಮೂರು ತಿಂಗಳು ಬಾಡಿಗೆ ತಪ್ಪಿದರೆ ನಾವು ಕೊಡುತ್ತೇವೆ’ ಎಂದು ನಿಮ್ಮಿಬ್ಬರ ಹೆಸರಲ್ಲಿ ಬರೆದುಕೊಡಿ. ಮೂರು ತಿಂಗಳು ಎಂದು ಸ್ಪಷ್ಟವಾಗಿ ನಮೂದಿಸಿ, ಇಲ್ಲದಿದ್ದರೆ ಮುಂದಿನ ಎಲ್ಲ ಬಾಕಿಗೂ ನಿಮ್ಮನ್ನೇ ಹಿಡಿಯುತ್ತಾರೆ. ಕರಾರು ಪತ್ರ ಹೆಂಡತಿಯ ಹೆಸರಿನಲ್ಲಿರಲಿ, ಇ-ಸ್ಟಾಂಪ್ ಕಾಗದದ ಮೇಲೆ, 11 ತಿಂಗಳಿಗೆ. ಅಡ್ವಾನ್ಸ್ ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಲಿ, ಖಾಲಿ ಮಾಡುವಾಗ ಸುಣ್ಣಬಣ್ಣಕ್ಕೆ ಎಷ್ಟು ಮುರಿದುಕೊಳ್ಳುತ್ತಾರೆ ಎನ್ನುವುದೂ ಇರಲಿ.

ಜಾಗದ ವಿಷಯದಲ್ಲಿ ಅಗ್ಗಕ್ಕೆ ಆಸೆಪಟ್ಟು ದೂರ ಹೋಗಬೇಡಿ. ಊರಾಚೆ ಶೀಟ್ ಮನೆ ಸಾವಿರ ಕಡಿಮೆಗೆ ಸಿಗಬಹುದು. ಆದರೆ ರಾತ್ರಿ ಹತ್ತೂವರೆಗೆ ಹೋಟೆಲ್ ಬಿಡುವ ಹೆಂಗಸಿಗೆ ಆ ಹೊತ್ತಿನಲ್ಲಿ ಬಸ್ ಇಲ್ಲದಿದ್ದರೆ ಶಕ್ತಿ ಯೋಜನೆಯ ಉಚಿತ ಪ್ರಯಾಣದಿಂದ ಏನೂ ಪ್ರಯೋಜನವಿಲ್ಲ. ಆಟೊಗೆ ಕೊಡುವುದರಲ್ಲಿ ಉಳಿತಾಯ ಕರಗುತ್ತದೆ, ಇಲ್ಲವೇ ಕೆಲಸ ಬಿಡುತ್ತಾರೆ. ಹೋಟೆಲಿಗೆ ನಡೆದು ಹೋಗುವಷ್ಟು ಹತ್ತಿರ, ವಠಾರವಾದರೂ ಸರಿ, ನೆಲಮಹಡಿ. ರಾಡ್ ಹಾಕಿದ ಕಾಲಿಗೆ ಕುಕ್ಕರುಗಾಲಿನಲ್ಲಿ ಕೂರಲಾಗದು, ಶೌಚಾಲಯದಲ್ಲಿ ಪ್ಲಾಸ್ಟಿಕ್ ಕಮೋಡ್ ಕುರ್ಚಿ ಹಿಡಿಸುತ್ತದೆಯೇ ಅಳೆದು ನೋಡಿ. ಕೊಳಾಯಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಡ್ರಮ್ ಇಡಲು ಜಾಗ ಇದೆಯೇ ಕೇಳಿ. ಬೆಸ್ಕಾಂ ಮೀಟರ್ ಬೇರೆ ಇದ್ದರೆ ಗೃಹಜ್ಯೋತಿಗೆ ಬಾಡಿಗೆದಾರರೂ ಅರ್ಜಿ ಹಾಕಬಹುದು, ಹಿಂದಿನ ಬಾಡಿಗೆದಾರರ ಆಧಾರ್ ಜೋಡಣೆ ಮೊದಲು ತೆಗೆಸಬೇಕು. ಇಡೀ ವಠಾರಕ್ಕೆ ಒಂದೇ ಮೀಟರಿದ್ದರೆ ಕರೆಂಟಿಗೆ ತಿಂಗಳಿಗೆ ಎಷ್ಟು ಎಂದು ಮೊದಲೇ ಗೊತ್ತು ಮಾಡಿಕೊಳ್ಳಿ.

‘ನೀವು ಯಾವ ಪೈಕಿ’ ಎನ್ನುವ ಪ್ರಶ್ನೆ ಎದುರಾಗುತ್ತದೆ. ಆ ಕುಟುಂಬದ ಮುಂದೆಯೇ ಅವಮಾನವಾಗದಂತೆ, ಮನೆ ನೋಡಲು ಮೊದಲು ನೀವು ಹೋಗಿ, ಕೊಡುವ ಮನಸ್ಸಿದ್ದವರ ಹತ್ತಿರ ಮಾತ್ರ ಅವರನ್ನು ಕರೆದೊಯ್ಯಿರಿ. ಸುಳ್ಳು ಹೇಳಿ ಸೇರಿಸಬೇಡಿ. ತಿಳಿದ ದಿನ ಹೊರಹಾಕುತ್ತಾರೆ.

ಭೋಗ್ಯ, ಶೆಡ್

ಭೋಗ್ಯ ಆಕರ್ಷಕವಾಗಿ ಕಾಣುತ್ತದೆ, ಬಾಡಿಗೆಯ ಗೋಜೇ ಇಲ್ಲ. ಆದರೆ ನೂರು ರೂಪಾಯಿ ಮೀರಿದ ಭೋಗ್ಯ ಅಡಮಾನ ನೋಂದಣಿಯಾಗಲೇಬೇಕು. ನಮ್ಮಲ್ಲಿ ನಡೆಯುವುದು ಛಾಪಾ ಕಾಗದದ ಮೇಲಿನ ಬರಹ ಮಾತ್ರ. ಮಾಲೀಕರು ಅದೇ ಮನೆಯನ್ನು ಬ್ಯಾಂಕಿಗೂ ಅಡವಿಟ್ಟು ಸಾಲ ಕಟ್ಟದಿದ್ದರೆ ಬ್ಯಾಂಕ್ ಮನೆ ವಶಪಡಿಸಿಕೊಳ್ಳುತ್ತದೆ, ನೋಂದಣಿಯಾಗದ ಕಾಗದ ಅಲ್ಲಿ ನಿಲ್ಲುವುದು ಕಷ್ಟ. ಲಕ್ಷಗಟ್ಟಲೆ ಹಣ ಒಂದೇ ಏಟಿಗೆ ಹೋಗುತ್ತದೆ. ಋಣಭಾರ ಪತ್ರ ತೆಗೆಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸುವುದಾದರೆ ಯೋಚಿಸಬಹುದು, ಈ ಕುಟುಂಬಕ್ಕೆ ಈಗ ಅದು ಬೇಡ.

ಸರ್ಕಾರಿ ಜಾಗದ ಶೆಡ್ ಇನ್ನೂ ಕೆಟ್ಟದ್ದು. ಭೂ ಕಂದಾಯ ಕಾಯ್ದೆಯ 94ಸಿಸಿ ಕಲಂ ಅಡಿ ಸಕ್ರಮ ಆಗುತ್ತದೆ ಎಂದು ಹೇಳುತ್ತಾರೆ. ಆ ಅವಕಾಶ ನಿಗದಿತ ದಿನಾಂಕಕ್ಕಿಂತ ಮೊದಲು ಕಟ್ಟಿಕೊಂಡವರಿಗೆ ಮಾತ್ರ, ಇವತ್ತು ಹಾಕಿದ ಶೆಡ್ಡಿಗೆ ಅನ್ವಯಿಸದು. ಕೆರೆ ಅಂಗಳ, ರಾಜಕಾಲುವೆ ಪಕ್ಕವಾದರೆ ಮುಗಿದೇ ಹೋಯಿತು. ತೆರವಿನ ದಿನ ಶೀಟು, ಗಳ, ಪಾತ್ರೆ ಎಲ್ಲವೂ ಹೋಗುತ್ತದೆ.

ಸರ್ಕಾರಿ ಮನೆ ಮತ್ತು 15,000 ಕೇಳುವ ಏಜೆಂಟ್

ಅವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಅದಕ್ಕಿಂತ ಮುಖ್ಯವಾಗಿ ಆಧಾರ್ ನಕಲು, ಹೆಬ್ಬೆಟ್ಟು ಕೊಡಬೇಡಿ. ಹಣ ಹೋದರೆ ಹಣವಷ್ಟೇ. ಇವರ ಹೆಸರಿನಲ್ಲಿ ಎಲ್ಲಿಯೋ ಒಂದು ಮನೆ ಮಂಜೂರಾಗಿ ಬೇರೆ ಯಾರೋ ಬಿಲ್ಲು ಎತ್ತಿಕೊಂಡರೆ, ಮುಂದೆ ನಿಜವಾದ ಅರ್ಜಿ ಹಾಕುವಾಗ ‘ಈಗಾಗಲೇ ಫಲಾನುಭವಿ’ ಎಂದು ತಂತ್ರಾಂಶವೇ ತಳ್ಳಿಹಾಕುತ್ತದೆ. ಒಂದು ಕುಟುಂಬಕ್ಕೆ ಸಿಗುವುದು ಒಂದೇ ಅವಕಾಶ.

ಹಳ್ಳಿಯಲ್ಲಿ ಆಯ್ಕೆ ಗ್ರಾಮಸಭೆಯಲ್ಲಿ ಆಗುತ್ತದೆ, ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿಯಲ್ಲಿ. ಎರಡಕ್ಕೂ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವೇ ಹಣ ಬಿಡುಗಡೆ ಮಾಡುತ್ತದೆ. ಪ್ರಧಾನಮಂತ್ರಿ ಆವಾಸ್ ನಗರ ಯೋಜನೆಯ ಎರಡನೇ ಹಂತ 2024ರಲ್ಲಿ ಶುರುವಾಗಿದೆ: ವರ್ಷದ ಆದಾಯ 3 ಲಕ್ಷದೊಳಗೆ, ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು. ಆದರೆ ಸ್ವಂತ ಮನೆ ಕಟ್ಟಿಕೊಳ್ಳಲು ನಿವೇಶನ ಇರಬೇಕು. ಇವರಿಗೆ ತುಮಕೂರಿನಲ್ಲಿ ನಿವೇಶನವಿಲ್ಲ. ಪಾಲಿಕೆ ವ್ಯಾಪ್ತಿಯಲ್ಲಿ ನಿವೇಶನ ರಹಿತರ ಪಟ್ಟಿಗೆ ಅರ್ಜಿ ಹಾಕಬಹುದು, ಅದು ವರ್ಷಗಳ ಕಾಯುವಿಕೆ. ಸಮುಚ್ಚಯದ ಮನೆಯಾದರೆ ಫಲಾನುಭವಿಯ ವಂತಿಗೆ ಇರುತ್ತದೆ, ಅದಕ್ಕೆ ಬ್ಯಾಂಕ್ ಸಾಲ. ಕೂಲಿ ನಿಂತ ಮನೆಯಲ್ಲಿ ಈಗ ಇನ್ನೊಂದು ಕಂತು ಹೊರುವ ಶಕ್ತಿ ಇಲ್ಲ.

ಪಾವಗಡದ ಊರಿನಲ್ಲಿ ಅತ್ತೆಯ ಹೆಸರಿನಲ್ಲಿ ಬಿದ್ದ ಮಣ್ಣಿನ ಮನೆಯೋ ಖಾಲಿ ಜಾಗವೋ ಇದೆಯೇ ಕೇಳಿ. ಇದ್ದರೆ ಗ್ರಾಮ ಪಂಚಾಯಿತಿಯಲ್ಲಿ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಅಥವಾ ಬಸವ ವಸತಿ, ಪರಿಶಿಷ್ಟರಾಗಿದ್ದರೆ ಅಂಬೇಡ್ಕರ್ ನಿವಾಸ್ ಯೋಜನೆಗೆ ದಾರಿ ತೆರೆಯುತ್ತದೆ. ಇಲ್ಲೊಂದು ಕಷ್ಟದ ಆಯ್ಕೆ ಇದೆ. ಊರಿನಲ್ಲಿ ಮನೆ ಪಡೆದರೆ ನಗರದ ಯೋಜನೆಗೆ ಅರ್ಹತೆ ಹೋಗುತ್ತದೆ. ಸುಮಾರು ನೂರು ಕಿಲೋಮೀಟರ್ ದೂರದ ಊರಿನಲ್ಲಿ ಬೀಗ ಹಾಕಿದ ಮನೆ ಇಟ್ಟುಕೊಂಡು ಇಲ್ಲಿ ಬಾಡಿಗೆ ಕಟ್ಟುವುದು ಅರ್ಥಹೀನ ಎನ್ನಬಹುದು. ಆದರೂ ಕೈಯಲ್ಲಿ ಜಾಗ ಇರುವವರು ಅದನ್ನು ಬಿಟ್ಟು, ಇನ್ನೂ ಬಾರದ ನಗರದ ನಿವೇಶನವನ್ನು ಕಾಯುವುದು ನನಗೆ ಸರಿ ಕಾಣುವುದಿಲ್ಲ. ತೀರ್ಮಾನ ಅವರದ್ದು.

ಮಂಜೂರಾದರೂ ಪೂರ್ತಿ ಹಣ ಮುಂಗಡ ಬರುವುದಿಲ್ಲ ಎನ್ನುವುದನ್ನು ಸ್ಪಷ್ಟವಾಗಿ ಹೇಳಿಬಿಡಿ. ಕೇಂದ್ರದ ಆವಾಸ್ ಗ್ರಾಮೀಣ ಯೋಜನೆಯಲ್ಲಿ ಒಂದು ಮನೆಗೆ ಸಿಗುವ ನೆರವು 1.20 ಲಕ್ಷ. ಬಸವ, ಅಂಬೇಡ್ಕರ್ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂದು ಹಂತ ಹಂತವಾಗಿ ಜಿಪಿಎಸ್ ಫೋಟೊ ಆದ ಮೇಲೆ ಬಿಲ್ಲು. ಮೊದಲ ಬಿಲ್ಲು ಬರಬೇಕಾದರೆ ತಳಪಾಯ ತಮ್ಮ ಹಣದಲ್ಲೇ ಮುಗಿಸಿರಬೇಕು. ಜಿಲ್ಲೆಯ ಹಳ್ಳಿಗಳಲ್ಲಿ ಪಾಯದ ಮಟ್ಟದಲ್ಲೇ ನಿಂತು ಜಾಲಿ ಬೆಳೆದ ಮನೆಗಳಿಗೆ ಕಾರಣ ಇದೇ. ಹೆಚ್ಚು ದಿನ ಶುರು ಮಾಡದಿದ್ದರೆ ಕಾಮಗಾರಿ ‘ಬ್ಲಾಕ್’ ಆಗುತ್ತದೆ, ತೆರೆಸಲು ಮತ್ತೆ ಅಲೆದಾಟ. ಗಾರೆ ಕೆಲಸ ಬಲ್ಲ ಗಂಡ ಗುಣವಾದ ಮೇಲೆ ಕೂಲಿ ಖರ್ಚಿಲ್ಲದೆ ಪಾಯ ತಾವೇ ಹಾಕಿಕೊಳ್ಳಬಹುದು, ಈ ಕುಟುಂಬಕ್ಕಿರುವ ಒಂದು ಅನುಕೂಲ ಅದು.

ಇದಕ್ಕೆಲ್ಲ ಬೇಕಾದ ಕಾಗದ ಹೆಚ್ಚಿಲ್ಲ: ಎಲ್ಲರ ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಮುದ್ರಿಸಿರುವ ಆರ್‌ಡಿ ಸಂಖ್ಯೆ. ಟ್ರಂಕು ಸಿಗದಿದ್ದರೂ ಆಧಾರ್ ಕೇಂದ್ರದಲ್ಲಿ ಬೆರಳಚ್ಚಿನಿಂದ ನಂಬರು ಪತ್ತೆಯಾಗುತ್ತದೆ, ಮಾಹಿತಿಗೆ 1947. ವಿಳಾಸ ಬದಲಿಸಲು ತಹಶೀಲ್ದಾರ್, ಶಾಸಕರು ಅಥವಾ ಗೆಜೆಟೆಡ್ ಅಧಿಕಾರಿ ನಿಗದಿತ ನಮೂನೆಯಲ್ಲಿ ಸಹಿ ಹಾಕಿದ ಪತ್ರ ನಡೆಯುತ್ತದೆ, ಆಶ್ರಯ ಕೇಂದ್ರದಲ್ಲಿದ್ದರೆ ಅದರ ಮೇಲ್ವಿಚಾರಕರ ಪತ್ರವೂ ಆಗುತ್ತದೆ. ಆದರೆ ಊರಿನ ಮನೆಗೆ ಅರ್ಜಿ ಹಾಕುವ ತೀರ್ಮಾನವಾದರೆ ವಿಳಾಸ, ರೇಷನ್ ಕಾರ್ಡ್ ಎರಡನ್ನೂ ಸದ್ಯ ಪಾವಗಡದಲ್ಲೇ ಬಿಡಿ. ಇಲ್ಲಿಗೆ ವರ್ಗಾಯಿಸಿದರೆ ‘ನೀವು ಈ ಊರಿನವರಲ್ಲ’ ಎಂದು ಪಂಚಾಯಿತಿಯವರು ಹೆಸರು ಕೈಬಿಡುವುದುಂಟು. ಮುಂದಿನ ಗ್ರಾಮಸಭೆ ಯಾವತ್ತು ಎಂದು ಪಿಡಿಒ ಅವರಿಗೆ ಫೋನ್ ಮಾಡಿ ಕೇಳಿಕೊಂಡು, ಆ ದಿನ ಅತ್ತೆ ಸೊಸೆ ಇಬ್ಬರೂ ಖುದ್ದಾಗಿ ಹೋಗಿ ಅರ್ಜಿ ಕೊಟ್ಟು, ನಡಾವಳಿಯಲ್ಲಿ ಹೆಸರು ಬರೆದದ್ದನ್ನು ನೋಡಿಕೊಂಡೇ ಬರಲಿ. ಹೋಗಿಬರಲು ಸರ್ಕಾರಿ ಬಸ್ಸಿನಲ್ಲಿ ಇಬ್ಬರಿಗೂ ಪ್ರಯಾಣ ಉಚಿತ.